ಆಸ್ಪತ್ರೆಯಿಂದ ಆಸ್ತಿಯವರೆಗೆ: ಬೆಳೆಯುವ ನಗರದಲ್ಲಿ ಚರ್ಚ್

ಚಿಕ್ಕಬಳ್ಳಾಪುರ: 2021ರ ಡಿಸೆಂಬರ್ 23ರ ಮುಂಜಾನೆ ಚಿಕ್ಕಬಳ್ಳಾಪುರ ಜಿಲ್ಲೆಯ ಸೂಸೈಪಾಳ್ಯದ ಸಂತ ಜೋಸೆಫರ ಚರ್ಚ್‌ನಲ್ಲಿ ಸಂತ ಅಂತೋಣಿಯವರ ಪ್ರತಿಮೆಯನ್ನು ದುಷ್ಕರ್ಮಿಗಳು ಒಡೆದಿರುವುದು ಬೆಳಕಿಗೆ ಬಂದಿತು. ಅದೇ ದಿನ ಬೆಳಗಾವಿಯಲ್ಲಿ ವಿಧಾನಸಭೆಯು ಮತಾಂತರ ನಿಯಂತ್ರಣ ಮಸೂದೆಗೆ ಒಪ್ಪಿಗೆ ನೀಡಿತು. ಎರಡಕ್ಕೂ ನೇರ ಸಂಬಂಧ ಕಲ್ಪಿಸಲು ಆಧಾರವಿಲ್ಲ. ಆದರೆ ಸುಮಾರು 160 ವರ್ಷ ಹಳೆಯದಾದ, ಊರಿನ ಹೆಸರಿನಲ್ಲೇ ಸಂತ ಜೋಸೆಫರನ್ನು ಇರಿಸಿಕೊಂಡಿರುವ ನೆಲೆಯೊಂದು ದಾಳಿಗೆ ಗುರಿಯಾದದ್ದು ಯೋಚನೆಗೆ ಹಚ್ಚುವ ಸಂಗತಿ.

ನಂದಿ ಸೀಮೆಗೆ ಚರ್ಚ್ ಹೊಸದಲ್ಲ. ಲಂಡನ್ ಮಿಷನ್ ಚಿಕ್ಕಬಳ್ಳಾಪುರದಲ್ಲಿ ಆಸ್ಪತ್ರೆ ತೆರೆದದ್ದು 20ನೇ ಶತಮಾನದ ಆರಂಭದಲ್ಲಿ. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡ ಬಳಿಕ ಅದು ಸಿಎಸ್‌ಐ ಆಸ್ಪತ್ರೆಯಾಯಿತು. ಬೆಂಗಳೂರಿಗೆ ಹೋಗಿಬರುವುದೇ ದೊಡ್ಡ ಪ್ರಯಾಣವಾಗಿದ್ದ ಕಾಲದಲ್ಲಿ ಹೆರಿಗೆಗೆ, ಜ್ವರಕ್ಕೆ ಸುತ್ತಲಿನ ಜನ ಅಲ್ಲಿಗೆ ಬರುತ್ತಿದ್ದರು. ಅವರಲ್ಲಿ ಬಹುಪಾಲು ಮಂದಿ ಕ್ರೈಸ್ತರಲ್ಲ. 2011ರ ಜನಗಣತಿಯಲ್ಲೂ ರಾಜ್ಯದ ಕ್ರೈಸ್ತರ ಪ್ರಮಾಣ ಶೇ 1.87 ಮಾತ್ರ. ಇಷ್ಟು ಸಣ್ಣ ಸಮುದಾಯಕ್ಕೆ ಪಟ್ಟಣಗಳಲ್ಲಿ ದೊಡ್ಡ ಹೆಸರು ಬಂದದ್ದು ಪ್ರಾರ್ಥನೆಯಿಂದಲ್ಲ, ಅನ್ಯರಿಗೂ ತೆರೆದಿದ್ದ ಆಸ್ಪತ್ರೆ, ಶಾಲೆಗಳ ಬಾಗಿಲಿನಿಂದ. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆ (1886) ಮತ್ತು ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ (1963) ಕಥೆಯೂ ಇದೇ.

ಈಗ ಆ ಬಾಗಿಲು ಒಂದೇ ಅಲ್ಲ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬೆಂಗಳೂರು ನಂದಿಬೆಟ್ಟದ ಬುಡದವರೆಗೂ ಚಾಚಿಕೊಂಡಿತು. ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಮುದ್ದೇನಹಳ್ಳಿಯಲ್ಲಿ ಸತ್ಯಸಾಯಿ ಭಕ್ತರ ಟ್ರಸ್ಟ್ ಸ್ಥಾಪಿಸಿದ ವೈದ್ಯಕೀಯ ಸಂಸ್ಥೆಯನ್ನು 2023ರ ಮಾರ್ಚ್‌ನಲ್ಲಿ ಪ್ರಧಾನಿಯೇ ಉದ್ಘಾಟಿಸಿದರು. ಖಾಸಗಿ ಶಾಲೆಗಳಿಗಂತೂ ಲೆಕ್ಕವಿಲ್ಲ. ಮಿಷನ್ ಆಸ್ಪತ್ರೆಯ ಹೆಸರು ಹೇಳಿದರೆ ಹಿರಿಯರ ಮುಖ ಅರಳುತ್ತದೆ. ಹೊಸ ಬಡಾವಣೆಯ ಯುವಕನಿಗೆ ಅದು ಬರೀ ಒಂದು ಹಳೆಯ ಕಾಂಪೌಂಡು.

ಆಫ್ರಿಕಾದ ಮಹಾನಗರಗಳಲ್ಲಿ ಚಿತ್ರ ಬೇರೆ. ನೈಜೀರಿಯಾದ ಲಾಗೋಸ್‌ನ ಹೊರವಲಯದಲ್ಲಿ ರಿಡೀಮ್ಡ್ ಕ್ರಿಶ್ಚಿಯನ್ ಚರ್ಚ್ ಕಟ್ಟಿದ ಶಿಬಿರ ಇಂದು ಮನೆ, ರಸ್ತೆ, ಶಾಲೆ, ಸ್ವಂತ ವಿದ್ಯುತ್ ಘಟಕವುಳ್ಳ ಊರೇ ಆಗಿದೆ. ಕಾಂಗೋದ ಕಿನ್ಶಾಸಾದಲ್ಲಿ 2017ರ ಡಿಸೆಂಬರ್ 31ರಂದು ಅಧ್ಯಕ್ಷ ಕಬಿಲಾ ವಿರುದ್ಧದ ಮೆರವಣಿಗೆಗೆ ಕರೆ ಕೊಟ್ಟವರು ಕೆಥೋಲಿಕ್ ವಿಶ್ವಾಸಿಗಳು. ಸರ್ಕಾರ ಕೈಚೆಲ್ಲಿದ ಕಡೆ ಅಲ್ಲಿ ಚರ್ಚ್ ಬೆಳೆಯುತ್ತಿದೆ. ಇಲ್ಲಿ ಸರ್ಕಾರ ಮತ್ತು ಮಾರುಕಟ್ಟೆ ಎರಡೂ ಚರ್ಚ್ ಮಾಡುತ್ತಿದ್ದ ಕೆಲಸಕ್ಕೆ ಇಳಿದಿವೆ.

ಸೇವೆಯ ನಂಟು ಸಡಿಲಗೊಂಡಾಗ ನಗರಕ್ಕೆ ಕಾಣುವುದು ಎರಡೇ: ಭೂಮಿ ಮತ್ತು ಪ್ರಾರ್ಥನೆ. ಭೂಮಿಯ ಮಾತಿಗೆ ಬೆಂಗಳೂರಿನ ಹೊಸೂರು ರಸ್ತೆಯ ಆಲ್ ಸೇಂಟ್ಸ್ ಚರ್ಚ್ ನಿದರ್ಶನ. 19ನೇ ಶತಮಾನದ ಈ ಚರ್ಚ್‌ನ ಮರಗಳಿಂದ ತುಂಬಿದ ಆವರಣದ ಒಂದು ಭಾಗ ಮೆಟ್ರೊ ನಿಲ್ದಾಣಕ್ಕೆ ಬೇಕೆಂದಾಗ, ಸಭೆಯವರು 2019ರಲ್ಲಿ ಯೋಜನೆಗೆ ಸಾಲ ನೀಡುವ ಯೂರೋಪಿಯನ್ ಇನ್‌ವೆಸ್ಟ್‌ಮೆಂಟ್ ಬ್ಯಾಂಕ್‌ಗೇ ದೂರು ಕೊಂಡೊಯ್ದರು. ಎಲ್ಲ ಸಭೆಗಳಿಗೂ ಅಷ್ಟು ದೂರ ಹೋಗುವ ಶಕ್ತಿ ಇರುವುದಿಲ್ಲ.

ಪ್ರಾರ್ಥನೆಯದು ಇನ್ನೂ ಸೂಕ್ಷ್ಮ. ಬಾಡಿಗೆ ಮನೆಯಲ್ಲಿ, ಅಂಗಡಿ ಮಹಡಿಯಲ್ಲಿ ಸೇರುವ ಸಣ್ಣ ಸಭೆಗಳಿಗೆ ಆಸ್ಪತ್ರೆಯೂ ಇಲ್ಲ, ಶಾಲೆಯೂ ಇಲ್ಲ. ವಲಸೆ ಬಂದ ಕೂಲಿಕಾರನಿಗೆ ಅಲ್ಲಿ ಪರಿಚಿತ ಮುಖಗಳು ಸಿಗುತ್ತವೆ. ನೆರೆಯವರ ಕಿವಿಗೆ ಬೀಳುವುದು ಧ್ವನಿವರ್ಧಕ ಮಾತ್ರ. ಅನುಮಾನ ಹುಟ್ಟಲು ಅಷ್ಟು ಸಾಕು.

ಮೇ 2022ರಲ್ಲಿ ಸುಗ್ರೀವಾಜ್ಞೆಯಾಗಿ, ಸೆಪ್ಟೆಂಬರ್‌ನಲ್ಲಿ ಕಾಯ್ದೆಯಾಗಿ ಜಾರಿಗೆ ಬಂದ ಮತಾಂತರ ನಿಯಂತ್ರಣ ಶಾಸನ ಈ ಅನುಮಾನಕ್ಕೆ ಅಕ್ಷರರೂಪ ಕೊಟ್ಟಿತು. ಮತಾಂತರಕ್ಕಾಗಿ ಒಡ್ಡುವ ‘ಆಮಿಷ’ದ ವ್ಯಾಖ್ಯೆಯೊಳಗೆ ಅದು ಧಾರ್ಮಿಕ ಸಂಸ್ಥೆ ನಡೆಸುವ ಶಾಲೆ, ಕಾಲೇಜಿನ ಉಚಿತ ಶಿಕ್ಷಣವನ್ನೂ ಸೇರಿಸಿತು. ಒಂದು ಶತಮಾನ ಕಾಲ ಸೇವೆ ಎಂದು ಮೆಚ್ಚುಗೆ ಪಡೆದ ಕೆಲಸ ಹೀಗೆ ಆರೋಪದ ಸಾಲಿಗೆ ಸೇರುವಂತಾಯಿತು. ಆಮಿಷ ಒಡ್ಡಿಲ್ಲ ಎಂದು ಸಾಬೀತುಪಡಿಸುವ ಹೊಣೆಯೂ ಆರೋಪಿಯ ಮೇಲೆಯೇ ಬಿತ್ತು. ಮಿಷನ್ ಶಾಲೆಯಲ್ಲಿ ಓದಿ ಬಂದ ಶಾಸಕರು ಎಲ್ಲ ಪಕ್ಷಗಳಲ್ಲೂ ಇದ್ದಾರೆ ಎಂಬುದು ಬೇರೆ ಮಾತು.

ಸರ್ಕಾರ ಬದಲಾದ ಬಳಿಕ, 2023ರ ಜೂನ್ 15ರಂದು, ಕಾಯ್ದೆಯನ್ನು ರದ್ದುಪಡಿಸಲು ಸಚಿವ ಸಂಪುಟ ತೀರ್ಮಾನಿಸಿತು.