ಜಾಣೆಯರ ಶಾಲೆಗೆ ದಾರಿ ಯಾವುದು?

ಸಿಡ್ನಿಯ ಮೂರ್ ಪಾರ್ಕಿನಲ್ಲಿರುವ ಸಿಡ್ನಿ ಗರ್ಲ್ಸ್ ಹೈಸ್ಕೂಲ್ ಸರ್ಕಾರಿ ಶಾಲೆ. ಆದರೆ ಅದರ ಪಕ್ಕದ ಬೀದಿಯಲ್ಲಿ ಮನೆಯಿದ್ದ ಮಾತ್ರಕ್ಕೆ ಅಲ್ಲಿ ಸೀಟು ಸಿಗುವುದಿಲ್ಲ. ಆರನೇ ತರಗತಿಯಲ್ಲಿರುವಾಗಲೇ ಓದು, ಬರವಣಿಗೆ, ಗಣಿತ ಮತ್ತು ತರ್ಕದ ಪರೀಕ್ಷೆ ಬರೆದು ಮುಂದೆ ಬಂದವರಿಗಷ್ಟೇ ಪ್ರವೇಶ. ನ್ಯೂ ಸೌತ್ ವೇಲ್ಸ್ ರಾಜ್ಯದ ಇಂಥ ಶಾಲೆಗಳಲ್ಲಿರುವ 4,000ಕ್ಕೂ ಸ್ವಲ್ಪ ಹೆಚ್ಚು ಸೀಟುಗಳಿಗೆ ಇತ್ತೀಚೆಗೆ 15,000ಕ್ಕೂ ಮೀರಿ ಅರ್ಜಿಗಳು ಬರುತ್ತಿವೆ. ಸಾರ್ವಜನಿಕ ಹಣದಲ್ಲಿ ನಡೆಯುವ ಶಾಲೆ ಹೀಗೆ ಮಕ್ಕಳನ್ನು ಜರಡಿ ಹಿಡಿಯಬಹುದೇ ಎಂಬ ತಕರಾರು ಅಲ್ಲಿ ಇಂದು ನಿನ್ನೆಯದಲ್ಲ.

ಶಾಲೆಯ ಪರವಾಗಿರುವವರು ಮೊದಲು ಅದರ ಚರಿತ್ರೆಯನ್ನು ಮುಂದಿಡುತ್ತಾರೆ. 1883ರಲ್ಲಿ ಅದು ಆರಂಭವಾದಾಗ ಸಿಡ್ನಿ ವಿಶ್ವವಿದ್ಯಾಲಯ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಲು ಒಪ್ಪಿ ಎರಡೇ ವರ್ಷವಾಗಿತ್ತು. ವಾಸ್ತುಶಿಲ್ಪಿ ಫ್ರಾನ್ಸಿಸ್ ಗ್ರೀನ್‌ವೇ ರೂಪಿಸಿದ ಹಳೆಯ ಕಟ್ಟಡವೊಂದರಲ್ಲಿ ಹುಡುಗರ ಶಾಲೆಗೆ ಕೆಳಮಹಡಿ, ಹುಡುಗಿಯರ ಶಾಲೆಗೆ ಮೇಲ್ಮಹಡಿ; ಒಳಹೋಗುವ ಬೀದಿಗಳೂ ಬೇರೆ ಬೇರೆ. ಆ ಮೇಲ್ಮಹಡಿಯಲ್ಲಿ ಲೂಯಿಸ್ ಮ್ಯಾಕ್ ಎಂಬ ಹುಡುಗಿ ಶಾಲಾಪತ್ರಿಕೆಯ ಸಂಪಾದಕಿಯಾಗಿದ್ದಳು. ತನ್ನ ಬರಹ ಅದರಲ್ಲಿ ತಿರಸ್ಕೃತವಾದಾಗ ಅದೇ ಶಾಲೆಯ ಎಥೆಲ್ ಟರ್ನರ್ ಸುಮ್ಮನಾಗದೆ ಪ್ರತಿಸ್ಪರ್ಧಿಯಾಗಿ ಇನ್ನೊಂದು ಪತ್ರಿಕೆಯನ್ನೇ ಹೊರಡಿಸಿದಳು. ಮುಂದೆ ಇಬ್ಬರೂ ಲೇಖಕಿಯರಾದರು. ಟರ್ನರ್ 1894ರಲ್ಲಿ ಪ್ರಕಟಿಸಿದ ಮಕ್ಕಳ ಕಾದಂಬರಿ ಆಸ್ಟ್ರೇಲಿಯಾದಲ್ಲಿ ಮನೆಮಾತಾಯಿತು. ಸಂಪಾದಕಿಯೂ ಹುಡುಗಿ, ಅವಳೊಡನೆ ಜಿದ್ದಿಗೆ ಬೀಳುವವಳೂ ಹುಡುಗಿ. ಹುಡುಗಿಯರಷ್ಟೇ ಇರುವ ಶಾಲೆಯ ಪರ ವಾದಿಸುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ವಿರೋಧಿಗಳು ಇದೇ ಚರಿತ್ರೆಯನ್ನು ಬೇರೆ ರೀತಿ ಓದುತ್ತಾರೆ. ಆ ಕಾಲದ ಸರ್ಕಾರಿ ಹೈಸ್ಕೂಲುಗಳಲ್ಲಿ ಶುಲ್ಕವಿತ್ತು. ಅದು ರದ್ದಾದದ್ದು 1911ರಲ್ಲಿ. ಇಂದು ಆ ಶುಲ್ಕದ ಜಾಗಕ್ಕೆ ಕೋಚಿಂಗ್ ಬಂದಿದೆ ಎಂಬುದು ಅವರ ಆಕ್ಷೇಪ. ನವೋದಯ ಪರೀಕ್ಷೆಗೆಂದು ಐದನೇ ತರಗತಿಯ ಮಕ್ಕಳನ್ನು ಬೆಳಗಿನ ಜಾವ ಎಬ್ಬಿಸಿ ಕೂರಿಸುವುದನ್ನು ಕಂಡಿರುವ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರೀಕ್ಷೆ ಅಳೆಯುತ್ತಿರುವುದು ಮಗುವಿನ ಜಾಣ್ಮೆಯನ್ನೋ ಮನೆಯ ತಯಾರಿಯನ್ನೋ ಎಂಬ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕಲಾಗದು.

ಆದರೂ ಕೋಚಿಂಗ್ ಎಂದೊಡನೆ ಮೂಗು ಮುರಿಯುವುದು ನ್ಯಾಯವಲ್ಲ. ಈ ಶಾಲೆಗಳಲ್ಲಿ ಏಷ್ಯಾದಿಂದ ವಲಸೆ ಹೋದ ಕುಟುಂಬಗಳ ಮಕ್ಕಳ ಸಂಖ್ಯೆ ದೊಡ್ಡದು. ಭಾರತೀಯರೂ ಅದರಲ್ಲಿ ಸೇರಿದ್ದಾರೆ. ಪರದೇಶದಲ್ಲಿ ವಶೀಲಿಯಿಲ್ಲದ, ದುಬಾರಿ ಖಾಸಗಿ ಶಾಲೆಯ ಶುಲ್ಕ ತೆರಲಾಗದ ತಾಯ್ತಂದೆಯರಿಗೆ ಪರೀಕ್ಷೆಯೊಂದೇ ನಂಬಬಹುದಾದ ದಾರಿ. ಅದನ್ನು ಕಿತ್ತುಹಾಕಿದರೆ ಉಳ್ಳವರು ಖಾಸಗಿ ಶಾಲೆಗೆ ಹೋಗುತ್ತಾರೆ, ಇಲ್ಲದವರು ಇದ್ದಲ್ಲೇ ಉಳಿಯುತ್ತಾರೆ. ಇದು ಆಯ್ಕೆ ಪದ್ಧತಿಯ ಪರವಾಗಿರುವ ಅತ್ಯಂತ ಬಲವಾದ ವಾದವೆಂದು ನನಗನ್ನಿಸುತ್ತದೆ.

ಅಷ್ಟೇ ಬಲವಾದದ್ದು ಎದುರುಪಕ್ಷದ ಇನ್ನೊಂದು ಮಾತು: ಓದುವ ಮಕ್ಕಳನ್ನೆಲ್ಲ ಒಂದೆಡೆ ಒಯ್ದರೆ ಅವರು ಬಿಟ್ಟುಬಂದ ಊರ ಶಾಲೆಯ ಗತಿಯೇನು? ಅಲ್ಲಿ ಉಳಿದ ಮಕ್ಕಳಿಗೆ ಪೈಪೋಟಿಯೂ ಕಡಿಮೆ, ಜೊತೆಗಾರರೂ ಕಡಿಮೆ. ಆಯ್ದ ಮಕ್ಕಳ ಶಾಲೆಯ ಫಲಿತಾಂಶ ಚೆನ್ನಾಗಿರುವುದು ಎಷ್ಟರಮಟ್ಟಿಗೆ ಶಾಲೆಯ ಸಾಧನೆ ಎಂಬುದೂ ಅಸ್ಪಷ್ಟ. ಇದಕ್ಕೆ ಶಾಲೆಯ ಅಭಿಮಾನಿಗಳ ಉತ್ತರ ಅಂಕಪಟ್ಟಿಯ ಆಚೆಗಿನದು. ಪುಸ್ತಕದ ಹುಳು ಎಂಬ ಗೇಲಿಗೆ ಹೆದರದೆ ಚರ್ಚಾಕೂಟ, ವಾದ್ಯವೃಂದ, ಆಟ ಎಲ್ಲಕ್ಕೂ ನುಗ್ಗುವ ಧೈರ್ಯ ಅಲ್ಲಿ ಸಿಗುತ್ತದಂತೆ. ಜೊತೆಗೆ ಅವರಿಗೆ ಅಂಗಳದ ನೆನಪೂ ಇದೆ: 1921ರಲ್ಲಿ ಶಾಲೆ ಮೂರ್ ಪಾರ್ಕಿಗೆ ಬಂದು ನೆಲೆಸಿದ್ದು ಹಳೆಯ ಮೃಗಾಲಯದ ಜಾಗದಲ್ಲಿ. ಕರಡಿಗಳನ್ನಿಡುತ್ತಿದ್ದ ಗುಂಡಿ ಅಂಗಳದಲ್ಲಿ ಇನ್ನೂ ಉಳಿದಿದೆ. ಅಂಥ ಅಂಗಳದ ನೆನಪನ್ನು ಯಾವ ಅಂಕಿಅಂಶವೂ ತೂಗಲಾರದು, ನಿಜ. ಆದರೆ ಆ ನೆನಪು ಎಷ್ಟು ಜನರ ಪಾಲಿಗೆ ದಕ್ಕಬೇಕು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಶಾಲೆಯನ್ನು ಮುಚ್ಚುವುದಾಗಲಿ ಇದ್ದಂತೆಯೇ ಬಿಡುವುದಾಗಲಿ ನನಗೆ ಸರಿಕಾಣದು. ರಾಜ್ಯ ಸರ್ಕಾರ ಈಚಿನ ವರ್ಷಗಳಲ್ಲಿ ಇಂಥ ಶಾಲೆಗಳ ಶೇ. 20ರವರೆಗಿನ ಸೀಟುಗಳನ್ನು ಬಡ ಕುಟುಂಬದ, ಮೂಲನಿವಾಸಿ, ಗ್ರಾಮೀಣ ಮತ್ತು ಅಂಗವಿಕಲ ಮಕ್ಕಳಿಗೆಂದು ತೆಗೆದಿರಿಸಿದೆ. ಇದು ಒಪ್ಪತಕ್ಕ ನಡೆ, ಆದರೆ ಅರೆ ನಡೆ. ಅರ್ಹರು ಸಿಗದಿದ್ದರೆ ಆ ಸೀಟುಗಳು ಉಳಿದವರಿಗೇ ಹೋಗುತ್ತವೆ. ಪರೀಕ್ಷೆಯೊಂದಿದೆ ಎಂದೇ ತಿಳಿಯದ ಮನೆಯ ಹುಡುಗಿಗೆ ಮೀಸಲಾತಿಯಿಂದ ಏನೂ ಆಗದು. ಬಹುಶಃ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳೇ ಅಂಥವಳನ್ನು ಗುರುತಿಸಿ ಅರ್ಜಿ ಹಾಕಿಸಬೇಕು, ಪರೀಕ್ಷೆಯ ತಯಾರಿ ಶಾಲೆಯೊಳಗೇ ಬಿಟ್ಟಿಯಾಗಿ ನಡೆಯಬೇಕು. ಊರಿನ ಸಾಮಾನ್ಯ ಹೈಸ್ಕೂಲಿನಲ್ಲೂ ಚುರುಕಾದ ಮಕ್ಕಳಿಗೆಂದು ಪ್ರತ್ಯೇಕ ತರಗತಿ ಇದ್ದರೆ, ಆ ಹುಡುಗಿ ಮೂರ್ ಪಾರ್ಕಿಗೆ ಹೋಗುವುದೋ ಬೇಡವೋ ಎಂದು ಮನೆಯವರೊಂದಿಗೆ ಕೂತು ಯೋಚಿಸಬಹುದು.