ಮಗಳ ಕಾಯಿಲೆಯನ್ನು ಮುಚ್ಚಿಡಬೇಕೇ?

ಸಹೋದರಿಯರೇ, ಹದಿಹರೆಯದಲ್ಲಿ ಕಾಡುವ ದೀರ್ಘಕಾಲದ ಕರುಳಿನ ಕಾಯಿಲೆಯ ಬಗ್ಗೆ ನಮ್ಮ ಮನೆಗಳಲ್ಲಿ ಮಾತೇ ಇಲ್ಲ. ಕ್ರೋನ್ಸ್ ಮತ್ತು ಅಲ್ಸರೇಟಿವ್ ಕೊಲೈಟಿಸ್ ಇವುಗಳಲ್ಲಿ ಮುಖ್ಯವಾದವು. ಹೊಟ್ಟೆನೋವು, ಪದೇ ಪದೇ ಭೇದಿ, ಮಲದಲ್ಲಿ ರಕ್ತ, ತೂಕ ಇಳಿಯುವುದು ಇದರ ಲಕ್ಷಣಗಳು. ಇದು ಅಂಟುರೋಗವಲ್ಲ, ಯಾರ ತಪ್ಪಿನಿಂದ ಬಂದದ್ದೂ ಅಲ್ಲ.

ಹೊಟ್ಟೆಯ ನೋವನ್ನು ಮಗಳು ನಿಮ್ಮಲ್ಲಿ ಹೇಳಿಕೊಂಡಾಳು. ಮನಸ್ಸಿನ ನೋವನ್ನು ಹೇಳಲಾರಳು. ಈ ಕಾಯಿಲೆಯಿಂದ ಕೆಲವು ಹುಡುಗಿಯರು ದೊಡ್ಡವರಾಗುವುದು ತಡವಾಗುತ್ತದೆ. ಸ್ಟಿರಾಯ್ಡ್ ಮಾತ್ರೆಯಿಂದ ಮುಖ ಊದಿಕೊಂಡು ಮೊಡವೆ ಏಳುತ್ತದೆ. "ನನ್ನನ್ನು ಯಾರು ಮೆಚ್ಚುತ್ತಾರೆ? ನನಗೆ ಮಕ್ಕಳಾದೀತೇ?" ಎಂದು ಅವಳು ಒಳಗೊಳಗೇ ಕೊರಗುತ್ತಾಳೆ. ಮದ್ದಿನ ಪ್ರಮಾಣ ಇಳಿದಂತೆ ಮುಖದ ಊತವೂ ಇಳಿಯುತ್ತದೆಂದು ಅವಳಿಗೆ ತಿಳಿಸಿ. ಇಲ್ಲದಿದ್ದರೆ ಗುಟ್ಟಾಗಿ ಮಾತ್ರೆ ನಿಲ್ಲಿಸಿಯಾಳು, ಅದು ಅಪಾಯಕಾರಿ.

ಕಾಯಿಲೆ ಹತೋಟಿಯಲ್ಲಿದ್ದರೆ ಹೆಚ್ಚಿನವರಿಗೆ ಇತರರಂತೆಯೇ ಮಕ್ಕಳಾಗುತ್ತವೆ. ಕಿಬ್ಬೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾದವರಿಗೆ ಮಾತ್ರ ಸ್ವಲ್ಪ ಕಷ್ಟವಾಗಬಹುದು. ಮೆಥೊಟ್ರೆಕ್ಸೇಟ್‌ನಂತಹ ಮದ್ದನ್ನು ಗರ್ಭಿಣಿಯರು ಸೇವಿಸುವಂತಿಲ್ಲ. ಗಂಡಸರಲ್ಲಿ ಸಲ್ಫಸಲಾಜಿನ್ ವೀರ್ಯಾಣುಗಳನ್ನು ಕಡಿಮೆ ಮಾಡುತ್ತದೆ. ನಿಲ್ಲಿಸಿದ ಕೆಲವು ತಿಂಗಳಲ್ಲಿ ಅದು ಸರಿಹೋಗುತ್ತದೆ. ಆದರೆ ಯಾವ ಮದ್ದನ್ನೂ ವೈದ್ಯರನ್ನು ಕೇಳದೆ ಬಿಡಬಾರದು. ವೈದ್ಯರ ಬಳಿ ಹೋದಾಗ ಮಗಳಿಗೆ ಐದು ನಿಮಿಷ ಒಬ್ಬಳೇ ಮಾತನಾಡಲು ಬಿಡಿ. ನಿಮ್ಮೆದುರು ಕೇಳಲಾಗದ್ದನ್ನು ಅಲ್ಲಿ ಕೇಳುತ್ತಾಳೆ.

ಕಾಯಿಲೆಯ ನೆಪದಲ್ಲಿ ಓದು ಬಿಡಿಸಿ, ಬೇಗನೆ ಯಾರಿಗಾದರೂ ಕೊಟ್ಟು ಕೈತೊಳೆದುಕೊಳ್ಳುವ ಯೋಚನೆ ಬೇಡ. ಅವಳು ಬೆಳೆಯಲಿ, ಕಲಿಯಲಿ. ಮುಂದೆ ಸಂಬಂಧ ಬಂದಾಗ ನಿಕಾಹ್‌ಗೆ ಮುಂಚೆಯೇ ವಿಷಯ ತಿಳಿಸಿ. ಊರಿಗೆಲ್ಲ ಸಾರಬೇಕಿಲ್ಲ, ಹುಡುಗನಿಗೂ ಅವನ ಹೆತ್ತವರಿಗೂ ಗೊತ್ತಿದ್ದರೆ ಸಾಕು. ಬಚ್ಚಿಟ್ಟರೆ ಗಂಡನ ಮನೆಯಲ್ಲಿ ಮಾತ್ರೆಯನ್ನೂ ಕದ್ದು ನುಂಗಬೇಕಾಗುತ್ತದೆ. ಒಂದು ದಿನ ತಪ್ಪುತ್ತದೆ, ಮತ್ತೊಂದು ದಿನ ತಪ್ಪುತ್ತದೆ, ಕಾಯಿಲೆ ಮರುಕಳಿಸುತ್ತದೆ. ನೋವು, ಸುಸ್ತಿನಿಂದ ಅವಳು ದೂರ ಸರಿದರೆ ಗಂಡ ಅದನ್ನು ತಾತ್ಸಾರವೆಂದು ತಿಳಿದಾನು. ಗೊತ್ತಿದ್ದವನಾದರೆ ಒಂದು ಲೋಟ ನೀರು ತಂದುಕೊಟ್ಟಾನು.

ಹೌದು, ಒಂದೆರಡು ಸಂಬಂಧಗಳು ತಪ್ಪಿಹೋಗಬಹುದು. ತಪ್ಪಿಹೋಗಲಿ. ಮದುವೆಯ ನಂತರ ಮುರಿಯುವುದಕ್ಕಿಂತ ಅದೇ ಮೇಲು.

ಕಾಯಿಲೆ ಮಗನಿಗಿದ್ದರೂ ಇದೇ ಮಾತು. ಅವನದನ್ನು ಮುಚ್ಚಿಟ್ಟು ಸೊಸೆ ತರುವುದು ಇನ್ನೊಬ್ಬ ತಾಯಿಗೆ ಮಾಡುವ ಅನ್ಯಾಯ.