ಎಲ್ಲ ಕೀಲುನೋವೂ ವಯಸ್ಸಿನದಲ್ಲ

‘40 ದಾಟಿದ ಮೇಲೆ ಕೀಲುನೋವು ಸಹಜ, ಎಣ್ಣೆ ಹಚ್ಚಿ ವಿಶ್ರಾಂತಿ ತೆಗೆದುಕೊಳ್ಳಿ’ ಎಂಬ ಕಳೆದ ವಾರದ ಲೇಖನ ಓದಿ ಸಿಟ್ಟು ಬಂತು. ಇದೇ ಮಾತು ನಂಬಿ ನನ್ನ ಅಮ್ಮ 2 ವರ್ಷ ಕಳೆದುಕೊಂಡಳು.

ಬೆಳಿಗ್ಗೆ ಎದ್ದರೆ ಅವಳಿಗೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಒದ್ದೆ ಬಟ್ಟೆ ಹಿಂಡಲು ಅಪ್ಪನನ್ನು ಕರೆಯುತ್ತಿದ್ದಳು. ಬೆರಳು ಸಡಿಲವಾಗುವಷ್ಟರಲ್ಲಿ 9 ಗಂಟೆ. ರೋಗದ ಗುರುತು ಅಲ್ಲೇ ಇತ್ತು. ಕೀಲು ಸವೆತದ ನೋವಿನಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ಅದು ಗಂಟೆ ಮೀರಿಯೂ ಉಳಿಯುತ್ತದೆ, ಎರಡೂ ಕೈಗಳ ಸಣ್ಣ ಕೀಲುಗಳು ಊದಿಕೊಳ್ಳುತ್ತವೆ. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ಬೀಳುವ ಕಾಯಿಲೆ ಇದು. 30ರ ಹೆಂಗಸರಿಗೂ ಬರುತ್ತದೆ.

‘ಆರ್‌ಎ ಫ್ಯಾಕ್ಟರ್ ರಕ್ತಪರೀಕ್ಷೆ ನೆಗೆಟಿವ್ ಬಂದರೆ ಚಿಂತೆ ಬೇಡ’ ಎಂಬುದೂ ತಪ್ಪು. ನೆಗೆಟಿವ್ ಇದ್ದೂ ಕಾಯಿಲೆ ಇರಬಹುದು, ಪಾಸಿಟಿವ್ ಇದ್ದೂ ಇಲ್ಲದಿರಬಹುದು. ಊದಿದ ಕೀಲನ್ನು ಒತ್ತಿ ನೋಡದೆ ಬರೀ ರಿಪೋರ್ಟ್ ಹಿಡಿದು ಹೇಳುವಂತಿಲ್ಲ.

ಈ ಕಾಯಿಲೆಗೆ ಕೊಡುವ ಮೆಥೊಟ್ರೆಕ್ಸೇಟನ್ನು ಲೇಖಕರು ವಿಷ ಎಂದಿದ್ದಾರೆ. ವಾರಕ್ಕೊಮ್ಮೆ ಮಾತ್ರ ನುಂಗುವ ಮಾತ್ರೆ ಅದು. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ, ನಿಜ. ಗರ್ಭಿಣಿಯರಿಗೆ ಕೂಡದು. ಅಡ್ಡಪರಿಣಾಮ ತಗ್ಗಿಸಲೆಂದೇ ಜೊತೆಗೆ ಫೋಲಿಕ್ ಆಸಿಡ್, ಆಗಾಗ ರಕ್ತಪರೀಕ್ಷೆ. ಇಷ್ಟು ಬರೆಯುವುದು ಬಿಟ್ಟು ಹೆದರಿಸಿದರೆ ಜನ ಮೆಡಿಕಲ್ ಶಾಪಿನ ನೋವಿನ ಮಾತ್ರೆಗೆ ಕೈಚಾಚುತ್ತಾರೆ. ಅದು ನೋವು ಮರೆಸುತ್ತದೆ, ಕೀಲು ಹಾಳಾಗುವುದನ್ನು ತಡೆಯುವುದಿಲ್ಲ. ಅಮ್ಮನ ಬಲಗೈಯ 2 ಬೆರಳು ಸೊಟ್ಟಗಾದದ್ದು ಹೀಗೆಯೇ. ಉಳಿದವನ್ನು ಕಾಪಾಡಿದ್ದು ಮೆಥೊಟ್ರೆಕ್ಸೇಟ್.

ಇನ್ನು ವಿಶ್ರಾಂತಿಯ ಮಾತು. ಮಂಡಿ ಸವೆದವರಿಗೂ ಬೇಕಾದದ್ದು ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ. ಕೂತಷ್ಟೂ ಕಾಲು ಇನ್ನಷ್ಟು ಸೋಲುತ್ತದೆ.